ಹನ್ನೊಂದನೇ ಪುಟದ ಟೊಮ್ಯಾಟೊ

ಮುದ್ದೇಬಿಹಾಳ
20 ಏಪ್ರಿಲ್ 2024

ಶ್ರೀಮತಿ ಅಖ್ತರಬೇಗಂ, ಇಂಡಿ, ಇವರ ಸನ್ನಿಧಿಗೆ,

ಅತ್ಯಂತ ವಿಷಾದದಿಂದ ತಿಳಿಯಪಡಿಸುವುದೇನೆಂದರೆ, ಮುದ್ದೇಬಿಹಾಳ ಪಟ್ಟಣದ ನಿವಾಸಿ, ನಿವೃತ್ತ ಮುಖ್ಯಗುರುಮಾತೆ ಸುವರ್ಣಾ ಇವರ ಮಾಳಿಗೆಯ ಮೇಲೆ ವಾಸವಾಗಿದ್ದ ಟೊಮ್ಯಾಟೊ ಗಿಡದ ನಲವತ್ತೊಂದನೆಯ ಹಾಗೂ ಕಟ್ಟಕಡೆಯ ಹೂವು ಇಂದು ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ಯಾವ ವಾರಸುದಾರರನ್ನೂ ಬಿಡದೆ, ಉದುರಿಹೋಯಿತು. ಅಂತ್ಯಕ್ರಿಯೆಯನ್ನು ಕಸಬರಿಗೆಯಿಂದ ನೆರವೇರಿಸಲಾಯಿತು. ಬಂಧುಗಳು ಯಾರೂ ಬರಲಿಲ್ಲ. ಒಂದು ಗುಬ್ಬಿ ಬಂದಿತ್ತು, ಬಿಸಿಲಿಗೆ ಅಂಜಿ ಅದೂ ಹೋಯಿತು.

ಇಷ್ಟು ದೊಡ್ಡ ಸುದ್ದಿಯನ್ನು ಅಂಚೆಯಲ್ಲಿ ಕಳಿಸಬೇಕಾಗಿ ಬಂದದ್ದಕ್ಕೆ ಕಾರಣ ನೀನೇ. ನೀನು ನನ್ನನ್ನು ವಾಟ್ಸಾಪಿನಲ್ಲಿ ಬ್ಲಾಕ್ ಮಾಡಿ ಹನ್ನೊಂದು ತಿಂಗಳಾಯಿತು. ಫೋನ್ ಮಾಡಿದರೆ ಯಾವಳೋ ಒಬ್ಬಳು ಬಂದು ನೀನು ಸಿಗುವುದಿಲ್ಲವೆಂದು ಮೂರು ಭಾಷೆಯಲ್ಲಿ ಹೇಳಿ ಹೋಗುತ್ತಾಳೆ. ಅಂಚೆಯವರನ್ನು ಬ್ಲಾಕ್ ಮಾಡುವ ಬಟನ್ ಮಾತ್ರ ಇನ್ನೂ ಬಂದಿಲ್ಲ. ಆದ್ದರಿಂದ ಈ ಪತ್ರ.

ಮುಂದೆ ಇತಿಹಾಸಕಾರರು ಗೊಂದಲಕ್ಕೆ ಬೀಳಬಾರದೆಂದು ಹಿಂದಿನ ಸಂಗತಿಯನ್ನು ದಾಖಲಿಸುತ್ತೇನೆ. ಸಿಂದಗಿಯಲ್ಲಿ ಟೀಚರ್ ಟ್ರೇನಿಂಗಿಗೆ ಇದ್ದಾಗ ನಮ್ಮದು ಒಂದೇ ಖೋಲಿ. ನನ್ನ ಟ್ರಂಕಿನ ಮುಚ್ಚಳ ಕಿತ್ತು ಅದರಲ್ಲಿ ಮೆಂತ್ಯೆ ಬೆಳೆದವಳು ನೀನು. ಸೀರೆಗೆಲ್ಲ ಧೂಳು ಹಿಡಿಸಿಕೊಂಡು ಎರಡು ವರ್ಷ ಮೆಂತ್ಯೆ ಪಲ್ಯ ತಿಂದವಳು ನಾನು. ನಾನು ಮೂವತ್ತಾರು ವರ್ಷ ಸಾಲಿ ಕಲಿಸಿದೆ. ನೀನು ಇಂಡಿಯ ಅಂಗನವಾಡಿಯಲ್ಲಿ ಮಕ್ಕಳನ್ನೂ, ಹಿತ್ತಲಲ್ಲಿ ಗಿಡಗಳನ್ನೂ ಬೆಳೆಸಿದೆ. ನಮ್ಮ ಎರೆಮಣ್ಣಿನಲ್ಲಿ, ನಮ್ಮ ಸವಳು ನೀರಿನಲ್ಲಿ, ನಮ್ಮ ಬಿಸಿಲಿನಲ್ಲಿ ಯಾವುದು ಬದುಕಿತು, ಯಾವುದು ಸತ್ತಿತು ಎಂದು ಇಪ್ಪತ್ತೆರಡು ವರ್ಷ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ನಾನು ನಿವೃತ್ತಳಾದ ಮೇಲೆ ಅದನ್ನು ಇಸಿದುಕೊಂಡು, ತಿದ್ದಿ ತೀಡಿ, ‘ಕೈತೋಟ ಕೈಪಿಡಿ’ ಎಂದು ಅಚ್ಚು ಹಾಕಿಸಿದೆ. ನೋಟ್‌ಬುಕ್ ಹಿಂದಿರುಗಿಸುವಾಗ, ಹಳೇ ಚಟ ನೋಡು, ಕೊನೆಯ ಪುಟದಲ್ಲಿ ಕೆಂಪು ಪೆನ್ನಿನಿಂದ ‘ಚೆನ್ನಾಗಿದೆ, ಇನ್ನೂ ಪ್ರಯತ್ನಿಸು, ಹತ್ತಕ್ಕೆ ಏಳು’ ಎಂದು ಬರೆದು ಸಹಿ ಮಾಡಿಬಿಟ್ಟೆ. ಅದಾಗಿ ಕೆಲವು ತಿಂಗಳಿಗೆ ನೀನು ಮಾತು ಬಿಟ್ಟೆ.

ಕಾರಣ ಅಂಕವೇ ಎಂದು ನನ್ನ ಖಾತ್ರಿ. ಮರುಮೌಲ್ಯಮಾಪನಕ್ಕೆ ಸಿದ್ಧಳಿದ್ದೇನೆ. ಏಳೂವರೆ. ಒತ್ತಾಯ ಮಾಡಿದರೆ ಎಂಟು.

ಇನ್ನೊಂದು ಮಾತು. ಕೈಪಿಡಿ ಬರೆದ ನನ್ನ ಕೈಗೆ ಮಣ್ಣು ಹತ್ತಿದ್ದು ಈ ವರ್ಷವೇ ಮೊದಲು. ಇದನ್ನು ಯಾರಿಗೂ ಹೇಳಬೇಡ. ನಮ್ಮದೇ ಪುಸ್ತಕ ಎದುರಿಗಿಟ್ಟುಕೊಂಡು, ಅಕ್ಷರಶಃ ಪಾಲಿಸಿ ಬೆಳೆದ ಗಿಡದ ಗತಿಯನ್ನು ಮೇಲೆ ನಿವೇದಿಸಿದ್ದೇನೆ. ಹೋದ ವಾರ ಹೂವಿನ ಹಿಪ್ಪರಗಿಯ ಗ್ರಂಥಾಲಯದಿಂದ ದಾನೇಶ್ವರಿಯ ಫೋನು. ಆಕೆ ಅಲ್ಲಿಯ ಗ್ರಂಥಪಾಲಕಿ, ನನ್ನ ಹಳೇ ವಿದ್ಯಾರ್ಥಿನಿ.

“ಟೀಚರ್, ನಿಮ್ಮ ಪುಸ್ತಕ ಒಯ್ದವರೆಲ್ಲಾ ವಾಪಸ್ ತಂದು ಕೊಟ್ಟಾರ್ರಿ.”

“ಚಲೋ ಆತಲ್ಲ, ಈ ಕಾಲದಾಗ ಪುಸ್ತಕ ವಾಪಸ್ ಕೊಡೋರು ಯಾರದಾರ?”

“ಹಂಗಲ್ರಿ, ಸಿಟ್ಟೀಲೆ ಕೊಟ್ಟಾರ. ಮೊಬೈಲದಾಗ ನೋಡಿ ಹಾಕಿದ್ದೂ ಇಲ್ಲಿ ಬೆಳೀವಲ್ದು, ಪುಸ್ತಕದ್ದೂ ಬೆಳೀವಲ್ದು, ನಮ್ಮ ಬಿಸಿಲಿಗೆ ತಕ್ಕದ್ದು ಏನರ ಇದ್ರ ಕೊಡವಾ ಅಂತಾರ. ಏನ್ ಕೊಡ್ಲಿರಿ?”

ಏನು ಕೊಡಲಿ, ಬೇಗಂ? ನಿನ್ನ ನೋಟ್‌ಬುಕ್ ಇನ್ನೊಮ್ಮೆ ಬೇಕಾಗಿದೆ. ನಿನ್ನ ಯಜಮಾನರು ದಿಲಾವರಭಾಯಿಗೆ ಸಲಾಂ ತಿಳಿಸು.

ನಿನ್ನ ಬ್ಲಾಕ್ ಆದ ಗೆಳತಿ,
ಸುವರ್ಣಾ


(ಕಾರ್ಡು)

ಇಂಡಿ
9 ಮೇ 2024

ಸುವರ್ಣಾ ಟೀಚರ್ ಅವರಿಗೆ,

ಪತ್ರ ತಲುಪಿತು. ಹೂವು ಹೋದದ್ದು ತಿಳಿಯಿತು. ನಿಮ್ಮ ಕೈಪಿಡಿಯ ಹನ್ನೊಂದನೇ ಪುಟ ಓದಿರಿ. ನನ್ನ ನೋಟ್‌ಬುಕ್ಕಿನಲ್ಲಿ ಆ ಜಾಗದಲ್ಲಿ ಏನಿತ್ತೆಂದು ನೆನಪು ಮಾಡಿಕೊಳ್ಳಿರಿ. ಅಂಕ ಬೇಡ.

ಅಖ್ತರಬೇಗಂ


ಮುದ್ದೇಬಿಹಾಳ
25 ಮೇ 2024

ಬೇಗಂ,

ನಲವತ್ತು ವರ್ಷದಲ್ಲಿ ಮೊದಲ ಸಲ ನನಗೆ ‘ಅವರು’, ‘ಇರಿ’ ಎಂಬ ಮರ್ಯಾದೆಗಳನ್ನು ದಯಪಾಲಿಸಿದ್ದೀಯ. ಕಾರ್ಡನ್ನು ಚೌಕಟ್ಟು ಹಾಕಿಸಬೇಕೆಂದಿದ್ದೆ. ಹನ್ನೊಂದನೇ ಪುಟ ಓದಿದ ಮೇಲೆ ಆ ವಿಚಾರ ಕೈಬಿಟ್ಟೆ.

ಅಲ್ಲಿ ಹೀಗಿದೆ: ‘ಟೊಮ್ಯಾಟೊವನ್ನು ವರ್ಷದ ಯಾವ ತಿಂಗಳಲ್ಲಾದರೂ ನೆಡಬಹುದು. ದಿನವಿಡೀ ಬಿಸಿಲು ಬೀಳುವ ಜಾಗ ಅತ್ಯುತ್ತಮ.’

ನೀನು ಪೆನ್ಸಿಲಿನಲ್ಲಿ ಬರೆದದ್ದು ನೆನಪಾಯಿತು. ‘ಟೊಮ್ಯಾಟೊ ಬೀಜ ಹುಬ್ಬಿ ಮಳೆಗೆ ಹಾಕು, ಅದಕ್ಕೂ ಮೊದಲು ಬೇಡ. ಬೇಸಿಗೆಯಲ್ಲಿ ಹೂವು ಬಿಡುತ್ತದೆ, ನಿಲ್ಲುವುದಿಲ್ಲ. ಪಡುವಣ ಬಿಸಿಲಿಗೆ ಜೋಳದ ಕಣಿಕೆಯ ಮರೆ ಕಟ್ಟು.’ ಅದರ ಮೇಲೆ ಕೆಂಪು ಗೀಟು ಹೊಡೆದವಳು ನಾನು. ‘ಮಳೆಯ ಹೆಸರು ಯಾರಿಗೆ ಗೊತ್ತು, ತಿಂಗಳು ಬರಿ’ ಎಂದು ಪಕ್ಕದಲ್ಲಿ ಉಪದೇಶ ಬೇರೆ. ಆಮೇಲೆ ತಿಂಗಳು ಯಾವುದೆಂದು ನಿನ್ನನ್ನು ಕೇಳುವ ಬದಲು ಮೊಬೈಲನ್ನು ಕೇಳಿದೆ. ಅಲ್ಲಿ ಒಬ್ಬ ಮಹಾಶಯ ಯಾವುದೋ ತಂಪು ಊರಿನ ಬಾಲ್ಕನಿಯಲ್ಲಿ ನಿಂತು ಟೊಮ್ಯಾಟೊ ಪಾಠ ಹೇಳುತ್ತಿದ್ದ. ಮೊನ್ನೆ ಹುಡುಕಿ ಮತ್ತೆ ನೋಡಿದೆ. ಬೇಗಂ, ಆತ ಸ್ವೆಟರ್ ಹಾಕಿಕೊಂಡಿದ್ದಾನೆ! ಸ್ವೆಟರ್ ಹಾಕಿದವನ ಮಾತು ಕೇಳಿ ನಲವತ್ತೆರಡು ಡಿಗ್ರಿಯ ಸೀಮೆಗೆ ಪುಸ್ತಕ ಬರೆದ ಜಗತ್ತಿನ ಏಕೈಕ ಲೇಖಕಿ ನಾನೇ ಇರಬೇಕು.

ತಪ್ಪು ಒಪ್ಪಿಕೊಂಡೆ. ಆದರೆ ಇಷ್ಟಕ್ಕೇನಾ? ಸಂತೆಯಲ್ಲಿ ಬುಟ್ಟಿಗಟ್ಟಲೆ ಬಿದ್ದಿರುವ ಒಂದು ಟೊಮ್ಯಾಟೊಗಾಗಿ ನಲವತ್ತು ವರ್ಷದ ಗೆಳೆತನ ಬಿಡುವುದೇನು?

ಉತ್ತರ ಬರಿ. ಬೇಕಾದರೆ ಬೈದು ಬರಿ.

ಸುವರ್ಣಾ


ಇಂಡಿ
12 ಜೂನ್ 2024

ಸುವರ್ಣಾ,

ಮೊನ್ನೆ ಮಿರಗ ಮಳೆ ಬಿತ್ತು. ಹಿತ್ತಲ ಬಿರುಕುಗಳು ಮುಚ್ಚಿಕೊಂಡವು. ಅದಕ್ಕೇ ಬರೆಯುವ ಮನಸ್ಸಾಯಿತು, ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ಒಂದು ಟೊಮ್ಯಾಟೊಗಾಗಿಯೇ ಎಂದು ಕೇಳಿದ್ದೀಯ. ಒಂದೇ ಸಲ ಹೇಳುತ್ತೇನೆ.

ಪುಸ್ತಕದ ಮೇಲೆ ನೀನು ನನ್ನ ಹೆಸರನ್ನು ದೊಡ್ಡದಾಗಿ ಹಾಕಿಸಿದ್ದೆ, ನಿನ್ನದನ್ನು ಒಳಗೆ ಸಣ್ಣದಾಗಿ. ಪ್ರೀತಿಯಿಂದಲೇ ಹಾಗೆ ಮಾಡಿದೆ, ನನಗೆ ಗೊತ್ತು. ನಾನು ಒಳಗೆ ಓದಲೇ ಇಲ್ಲ. ನನ್ನದೇ ಮಾತು, ಓದುವುದೇನು ಎಂದು ಮೇಲಿನ ಹೆಸರನ್ನೇ ನೋಡುತ್ತ ಕೂತಿದ್ದೆ. ಆಮೇಲೆ ಕನ್ನೊಳ್ಳಿಯ ಅಕ್ಕನಿಗೆ ಆರಾಮಿಲ್ಲವೆಂದು ಎರಡು ತಿಂಗಳು ಅಲ್ಲಿದ್ದೆ. ತಿರುಗಿ ಬರುವಷ್ಟರಲ್ಲಿ ನಮ್ಮ ಮಹಿಳಾ ಸಂಘದ ನಲವತ್ತು ಮಂದಿ ಪುಸ್ತಕ ನಂಬಿ, ನಾನು ಮೊದಲೇ ಹಂಚಿದ್ದ ಬೀಜದಿಂದ ಫೆಬ್ರವರಿಯಲ್ಲಿ ಟೊಮ್ಯಾಟೊ ನೆಟ್ಟು ಮುಗಿಸಿದ್ದರು. ಬೇಸಿಗೆಯಲ್ಲಿ ಕೊಡ ಹೊತ್ತು ನೀರು ಹಾಕಿದರು, ಸುವರ್ಣಾ. ಕುಡಿಯುವ ನೀರಿನಲ್ಲಿ ಪಾಲು ಕೊಟ್ಟರು. ಹೂವು ಬಂದವು, ಉದುರಿದವು. ಯಾರ ಅಂಗಳದಲ್ಲೂ ಒಂದು ಕಾಯಿ ನಿಲ್ಲಲಿಲ್ಲ.

ಮೇ ತಿಂಗಳ ಸಭೆಯಲ್ಲಿ ಪಕ್ಕದ ಮನೆಯ ಗುರವ್ವ ಎದ್ದು ನಿಂತಳು.

“ಏನ್ ಬೇಗಂಬಾಯಿ, ನಿನ್ನ ಟೊಮ್ಯಾಟೊನೂ ನಿನ್ನಂಗ ನೋಡವಾ! ಹೂವಂದ್ರ ಹೂವ, ಕಾಯಿ ಅಂದ್ರ ಒಂದೂ ಇಲ್ಲ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೇ ಏನು ಮಾಡಲಿ?

ಮದುವೆಯಾಗಿ ಮೂವತ್ತೆಂಟು ವರ್ಷ. ಅತ್ತೆ ಒಂದು ದಿನ ಅನ್ನಲಿಲ್ಲ. ನಮ್ಮವರು ಅನ್ನಲಿಲ್ಲ. ಓಣಿಯ ಮಕ್ಕಳೆಲ್ಲ ಅಂಗನವಾಡಿಯಲ್ಲಿ ನನ್ನ ಸೆರಗು ಹಿಡಿದುಕೊಂಡು ಬೆಳೆದರು. ಅವರ ತಾಯಂದಿರೂ ಅನ್ನಲಿಲ್ಲ. ಅನ್ನಿಸಿಕೊಳ್ಳುವುದಕ್ಕೆ ನಿನ್ನ ಹನ್ನೊಂದನೇ ಪುಟ ಬೇಕಾಯಿತು. ಈಗ ನಮ್ಮ ಓಣಿಯಲ್ಲಿ ಯಾವ ಗಿಡ ಕಾಯಿ ಬಿಡದಿದ್ದರೂ ‘ಬೇಗಂಬಾಯಿ ಟೊಮ್ಯಾಟೊ’ ಅನ್ನುತ್ತಾರೆ.

ಸಂಘಕ್ಕೆ ಹೋಗುವುದನ್ನು ಬಿಟ್ಟೆ. ನೋಟ್‌ಬುಕ್ ಜೋಳದ ಡಬ್ಬಿಯ ಹಿಂದೆ ಬಿದ್ದಿದೆ. ಇಪ್ಪತ್ತೆರಡು ವರ್ಷ ತಪ್ಪದೆ ಹಾಕಿದವಳು, ಈಗ ಎರಡನೇ ಮಿರಗ ಮಳೆ ಬಿದ್ದರೂ ಹಿತ್ತಲಲ್ಲಿ ಏನೂ ಹಾಕಿಲ್ಲ.

ನಿನ್ನ ಏಪ್ರಿಲ್ ಪತ್ರವನ್ನು ನಮ್ಮವರು ಜೋರಾಗಿ ಓದಿ ನಗಲು ಶುರು ಮಾಡಿದರು, ನಡುವೆಯೇ ನಿಲ್ಲಿಸಿದರು. ಯಾವ ಸಾಲಿಗೆ ನಿಲ್ಲಿಸಿದರೆಂದು ನಾನು ಬರೆಯುವುದಿಲ್ಲ. ಹುಡುಕಿಕೊ.

ಅಖ್ತರಬೇಗಂ


ಮುದ್ದೇಬಿಹಾಳ
14 ಜುಲೈ 2024

ಬೇಗಂ,

ಈ ಪತ್ರವನ್ನು ನಾಲ್ಕು ಸಲ ಬರೆದೆ. ಮೊದಲ ಮೂರರಲ್ಲಿ ತಮಾಷೆ ಇತ್ತು, ಹರಿದೆ.

ಸಾಲು ಸಿಕ್ಕಿತು. ವಾರಸುದಾರರ ಸಾಲು. ಅದನ್ನು ಬರೆಯುವಾಗ ನಾನು ನಗುತ್ತಿದ್ದೆ. ಒಳ್ಳೆಯ ಸಾಲು ಬಿತ್ತೆಂದು ಎರಡು ಸಲ ಓದಿಕೊಂಡಿದ್ದೆ. ಸೊಲ್ಲಾಪುರದ ಆಸ್ಪತ್ರೆಗೆ ನೀನು ಒಳಗೆ ಹೋದಾಗ ಹೊರಗಿನ ಬೆಂಚಿನ ಮೇಲೆ ನಿನ್ನ ಚೀಲ ಹಿಡಿದುಕೊಂಡು ಕೂತವಳೂ ನಾನೇ. ಎರಡು ಸಲ. ಬರುವಾಗ ಬಸ್ಸಿನಲ್ಲಿ ನೀನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಅದೆಲ್ಲ ನನಗೆ ನೆನಪಿದೆ. ಪೆನ್ನು ಹಿಡಿದಾಗ ಮಾತ್ರ ನೆನಪಿರಲಿಲ್ಲ.

ಮೂವತ್ತಾರು ವರ್ಷ ತಪ್ಪು ಹುಡುಕುವ ನೌಕರಿ ಮಾಡಿದೆ. ಸರಿ ಇದ್ದದ್ದಕ್ಕೆ ಗೀಟು ಹೊಡೆದದ್ದು ಇದೊಂದೇ ಸಲವೋ, ಇನ್ನೆಷ್ಟು ಸಲವೋ.

‘ಕ್ಷಮಿಸು’ ಎಂದು ಇಲ್ಲಿ ಬರೆದರೆ ಅದು ನಿನ್ನ ಮನೆಯೊಳಗೆ ಇರುತ್ತದೆ. ಮಾತು ಹುಟ್ಟಿದ್ದು ನಿನ್ನ ಮನೆಯೊಳಗಲ್ಲ.

ಸುವರ್ಣಾ


ಇಂಡಿ
2 ಸೆಪ್ಟೆಂಬರ್ 2024

ಏ ಸುವರ್ಣಾ,

ನಾಚಿಕೆ ಐತೇನು ನಿನಗೆ? ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ವಿಜಯಪುರದಲ್ಲಿ ಬಸ್ಸು ಬದಲಿಸಿ ಇಂಡಿಗೆ ಬರುತ್ತೀಯಂತೆ. ಸಂಘದ ಸಭೆಯಲ್ಲಿ ಒಂದೂವರೆ ತಾಸು ಕೂಡುತ್ತೀಯಂತೆ. ಇನ್ನೂರು ಹೆಜ್ಜೆ ಆಚೆಗೆ ನನ್ನ ಮನೆ ಇದೆ, ಒಂದು ಗ್ಲಾಸು ನೀರು ಕುಡಿಯದೆ ನಾಲ್ಕರ ಬಸ್ಸಿಗೆ ಓಡುತ್ತೀಯಂತೆ. ಇದಕ್ಕೆ ಮೊದಲು ಉತ್ತರ ಕೊಡು. ಉಳಿದದ್ದು ಆಮೇಲೆ.

ಉಳಿದದ್ದು ಗುರವ್ವ ಹೇಳಿದಳು. ಸಂಜೆ ಬಂದು ಬಾಗಿಲಲ್ಲಿ ನಿಂತಳು. ಒಳಗೆ ಬಾ ಎಂದು ನಾನು ಅನ್ನಲಿಲ್ಲ. ಹೊಸ್ತಿಲ ಹೊರಗೇ ಶುರು ಮಾಡಿದಳು.

“ಬೇಗಂಬಾಯಿ, ನಿನ್ನ ಗೆಳತಿ ಹುಚ್ಚಿ ಅದಾಳೋ ಶಾಣ್ಯಾಕಿ ಅದಾಳೋ ನನಗಂತೂ ತಿಳೀಲಿಲ್ಲ. ಬಂದಾಕಿನ, ‘ಎಲ್ಲಾರೂ ಪುಸ್ತಕ ತಗೀರಿ, ಹನ್ನೊಂದನೇ ಪುಟ’ ಅಂದ್ಲು. ನಾವೂ ಸಾಲಿ ಹುಡುಗ್ಯಾರಂಗ ತಗದ್ವಿ. ಪುಸ್ತಕ ಇಲ್ಲದಾಕಿಗೆ ‘ಮನಿಗೆ ಹೋಗಿ ತಗೊಂಬಾ’ ಅಂತ ಕಳಿಸಿದ್ಲು, ಖರೇನ! ಒಬ್ಬೊಬ್ಬರ ಮುಂದೂ ಕುಂತು ಕೆಂಪ ಪೆನ್ನಲೆ ಗೀಟ ಹೊಡದು, ‘ಇದು ಬೇಗಂ ಬರದದ್ದಲ್ಲ, ನಾ ಬರದದ್ದು. ಆಕಿ ಬರದದ್ದು ಬರೋಬ್ಬರಿ ಇತ್ತು, ನಾನ ಅಳಿಸೇನಿ’ ಅಂತ ಹೇಳಿ, ಹತ್ತಕ್ಕ ಸೊನ್ನಿ ಹಾಕಿ, ಕೆಳಗ ತನ್ನ ಸಹಿ ಮಾಡಿದ್ಲು. ಮೂವತ್ತೇಳು ಪುಸ್ತಕ! ನಡುವ ಪೆನ್ನ ಮುಗೀತು, ಚೀಲದಾಗಿಂದ ಇನ್ನೊಂದ ತಗದ್ಲು.”

“ಮತ್ತ?” ಎಂದೆ.

“ಮತ್ತೇನ, ಕಡೀಕ ನನ್ನ ಮುಂದ ಬಂದ್ಲು. ನನ್ನ ಪುಸ್ತಕಕ್ಕೂ ಸೊನ್ನಿ ಹಾಕಿದ್ಲು. ಹಾಕಿ ಸಣ್ಣ ದನೀಲೆ, ‘ಗುರವ್ವಾರ, ಹೂವ ಉದುರಿದ್ದು ಗಿಡದ ತಪ್ಪೂ ಅಲ್ಲ, ಬೀಜ ಕೊಟ್ಟಾಕಿ ತಪ್ಪೂ ಅಲ್ಲರಿ’ ಅಂದ್ಲು. ಅಷ್ಟ. ಬೈದಿದ್ರ ನಾ ತಿರುಗಿ ಬೈತಿದ್ನೆವ್ವಾ. ಬೈಲಿಲ್ಲ ಆಕಿ.”

ಹಾಗೆಂದು ಗುರವ್ವ ಸೆರಗಿನ ತುದಿಯನ್ನು ಬಾಯಿಗೆ ಇಟ್ಟುಕೊಂಡಳು. ಆಮೇಲೆ ಅವಳೇ, “ಹುಬ್ಬಿ ಮಳಿ ಹತ್ತೇತಿ. ನಿನ್ನ ಕಡೆ ಬೀಜ ಅದಾವೇನು, ಬೇಗಂ?” ಎಂದಳು. ‘ಬೇಗಂಬಾಯಿ’ ಅನ್ನಲಿಲ್ಲ, ಬರೀ ‘ಬೇಗಂ’.

ಇದ್ದವು. ಬೂದಿ ಕಲಸಿ ಇಟ್ಟಿದ್ದೆ, ಸಾಯಲು ಬಿಟ್ಟಿರಲಿಲ್ಲ. ಅವಳಿಗೆ ಅರ್ಧ ಕೊಟ್ಟೆ. ಉಳಿದರ್ಧದಲ್ಲಿ ಸ್ವಲ್ಪವನ್ನು ಈ ಪತ್ರದ ಮಡಿಕೆಯಲ್ಲಿ ಇಟ್ಟಿದ್ದೇನೆ. ಪತ್ರ ಝಾಡಿಸಬೇಡ.

ಈಗ ಕೇಳು, ಬರೆದುಕೊ. ಮೊದಲು ಒಂದು ಬೋಗುಣಿಯಲ್ಲಿ ಸಸಿ ಮಾಡು. ನಿಮ್ಮ ಎರೆಮಣ್ಣು ಬರೀ ಹಾಕಿದರೆ ಸಿಮೆಂಟಿನಂತೆ ಬಿಗಿಯುತ್ತದೆ; ಅದರ ಅರ್ಧದಷ್ಟು ಉಸುಕು, ಅಷ್ಟೇ ತಿಪ್ಪೆಗೊಬ್ಬರ ಕಲಸು. ಸಸಿ ಗೇಣುದ್ದ ಆದಾಗ ದೊಡ್ಡ ಡಬ್ಬಿಗೆ ಹಾಕು. ಪಕ್ಕದಲ್ಲಿ ಒಂದು ಸಣ್ಣ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂಳಿ ನೀರು ತುಂಬಿಡು, ಬೇರು ತನಗೆ ಬೇಕಾದಷ್ಟು ಕುಡಿಯುತ್ತದೆ. ಬೋರಿನ ನೀರು ಬೇಡ, ಎಲೆಯ ಅಂಚು ಸುಡುತ್ತದೆ. ಅಕ್ಕಿ ಬೇಳೆ ತೊಳೆದ ನೀರು ಹಾಕು. ನಿಮ್ಮ ಮಾಳಿಗೆ ಕಾದ ಹಂಚು, ಡಬ್ಬಿಯ ಕೆಳಗೆ ಎರಡು ಇಟ್ಟಿಗೆ ಕೊಡು. ಪಡುವಣಕ್ಕೆ ಕಣಿಕೆ ಕಟ್ಟು, ಇಲ್ಲದಿದ್ದರೆ ಹಳೇ ಸೀರೆ ಕಟ್ಟು. ಹೂವು ಬಂದಾಗ ಬೆಳಿಗ್ಗೆ ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟು. ಮೆಲ್ಲಗೆ ಅಂದೆ, ಹುಡುಗರ ತಲೆಗೆ ಹೊಡೆಯುತ್ತಿದ್ದಿಯಲ್ಲ, ಹಾಗಲ್ಲ.

ಬೇಗಂ

ತಾ.ಕ.: ಹಿತ್ತಲು ಅಗೆದೆ. ಕೈ ನೋಯುತ್ತಿದೆ.


ಮುದ್ದೇಬಿಹಾಳ
29 ಡಿಸೆಂಬರ್ 2024

ಬೇಗಂ,

ಬ್ರಹ್ಮಾಂಡಕ್ಕೆ ಪ್ರಕಟಣೆ: ಮೂರು. ಒಂದು ಕೆಂಪು, ಒಂದು ಅರೆಗೆಂಪು, ಒಂದು ಇನ್ನೂ ಹಠ ಮಾಡುತ್ತಿದೆ. ಬೆಳಗಾದರೆ ಮಾಳಿಗೆ ಹತ್ತಿ ಹಾಜರಿ ತೆಗೆದುಕೊಳ್ಳುತ್ತೇನೆ. ಹೂವಿನ ಗೊಂಚಲು ತಟ್ಟುವುದನ್ನು ಕೆಳಗಿನಿಂದ ನೋಡಿದ ಓಣಿಯವರು, ಟೀಚರ್ ಈಗ ಗಿಡಗಳಿಗೂ ಪಾಠ ಒಪ್ಪಿಸಲು ಹೇಳುತ್ತಾರೆಂದು ಸುದ್ದಿ ಹಬ್ಬಿಸಿದ್ದಾರೆ. ಪಡುವಣಕ್ಕೆ ಕಟ್ಟಿದ್ದು ನಿವೃತ್ತಿಯ ದಿನ ಸಾಲಿಯಲ್ಲಿ ಹೊದಿಸಿದ ಶಾಲು. ಸೀರೆಗಳು ಚಲೋ ಇದ್ದವು.

ನಿನ್ನ ಪ್ರಶ್ನೆಗೆ ಉತ್ತರವನ್ನು ಇಷ್ಟು ದಿನ ತಪ್ಪಿಸಿಕೊಂಡೆ. ಅಂದು ನಿನ್ನ ಮನೆಯ ತಿರುವಿನವರೆಗೆ ಬಂದಿದ್ದೆ. ಹಿತ್ತಲ ಗೋಡೆ ಕಾಣಿಸಿತು. ಗೋಡೆಯಾಚೆ ಬರೀ ಮಣ್ಣು, ನೆಟ್ಟದ್ದು ಒಂದು ಗಿಡ ಇಲ್ಲ. ಅದನ್ನು ನೋಡಿ ಕಾಲು ಮುಂದೆ ಹೋಗಲಿಲ್ಲ. ಅಷ್ಟೇ.

ಹೋದ ವಾರ ದಿಲಾವರಭಾಯಿ ಹಳದಿ ಬಟ್ಟೆಯಲ್ಲಿ ಸುತ್ತಿದ ನೋಟ್‌ಬುಕ್ ಹಿಡಿದುಕೊಂಡು ಬಂದರು. ಕೊಡಲಿಲ್ಲ, ಎದೆಗೆ ಒತ್ತಿಕೊಂಡೇ ಕೂತರು.

“ಅಕ್ಕಾರ, ಮೊದ್ಲ ಕೆಂಪ ಪೆನ್ನ ಎಷ್ಟ ಅದಾವು ತಗೀರಿ. ಜಪ್ತಿ ಮಾಡ್ಕೊಂಡ ಬಾ ಅಂತ ಹುಕುಂ ಆಗೇತಿ.”

“ಒಂದರ ಬಿಡ್ರಿ ಭಾಯಿ, ಚಟ.”

“ಅದನ್ನ ನೀವ ಆಕಿ ಜೋಡಿ ಮಾತಾಡ್ರಿ. ನಾ ಬರೇ ಸಿಪಾಯಿ.”

ಐದು ಪೆನ್ನು ಒಪ್ಪಿಸಿ, ನೋಟ್‌ಬುಕ್ ಪಡೆದುಕೊಂಡೆ. ಇದ್ದದ್ದು ಇದ್ದಂತೆ ದೊಡ್ಡ ವಹಿಯೊಂದಕ್ಕೆ ನಕಲು ಮಾಡಿದ್ದೇನೆ. ಮಳೆಗಳು ಮಳೆಯಾಗಿಯೇ ಇವೆ: ಮಿರಗಕ್ಕೆ ಹೀರೆ, ಹುಬ್ಬಿಗೆ ಟೊಮ್ಯಾಟೊ, ಸ್ವಾತಿಗೆ ಮೆಂತ್ಯೆ. ಎಡಗಡೆಯ ಪುಟಗಳಲ್ಲಿ ನಿನ್ನ ಮಾತು. ಬಲಗಡೆಯವನ್ನು ಖಾಲಿ ಬಿಟ್ಟಿದ್ದೇನೆ, ಓದಿದವರು ಬರೆಯಲಿ ಎಂದು. ದಾನೇಶ್ವರಿ ಹೂವಿನ ಹಿಪ್ಪರಗಿಯ ಗ್ರಂಥಾಲಯದ ಮುಂಬಾಗಿಲ ಪಕ್ಕ ಅದಕ್ಕೊಂದು ಮೇಜು ಕೊಟ್ಟಿದ್ದಾಳೆ. ಒಯ್ದವರು ಸಿಟ್ಟಿನಿಂದ ವಾಪಸ್ ಕೊಡುವುದಿಲ್ಲ ತಾನೇ ಎಂದು ಕೇಳಿದಳು. ಕೊಟ್ಟರೆ ಆ ಸಿಟ್ಟನ್ನೂ ಬಲಗಡೆ ಬರೆಯಿಸು ಎಂದೆ.

ಮೊದಲ ಪುಟ ಬರೆಯಬೇಕು. ಅದನ್ನು ನಾನೊಬ್ಬಳೇ ಬರೆಯುವುದಿಲ್ಲ. ಸಂಕ್ರಮಣಕ್ಕೆ ಬರುತ್ತೇನೆ, ಈ ಸಲ ತಿರುವಿನಲ್ಲಿ ನಿಲ್ಲುವುದಿಲ್ಲ. ಕೆಂಪಾದ ಟೊಮ್ಯಾಟೊ ನಿನಗೆ. ಅರೆಗೆಂಪು ಗುರವ್ವನಿಗೆ.

ನಿನ್ನೆ ಮಧ್ಯಾಹ್ನ ಮೊಬೈಲು ಟಿಣ್ ಅಂದಿತು. ನಿನ್ನ ಹಿತ್ತಲಿನ ಫೋಟೊ. ಎಣಿಸಿದೆ, ಹದಿನೇಳು ಕಾಯಿ! ಕೆಳಗೆ ಒಂದಕ್ಷರವೂ ಇಲ್ಲ. ಬ್ಲಾಕ್ ತೆರವಾಯಿತೆಂದು ತಿಳಿದುಕೊಂಡೆ. ಆದರೂ ಕಾಗದವನ್ನೇ ಬರೆಯುತ್ತೇನೆ. ವಾಟ್ಸಾಪಿನ ಮಡಿಕೆಯಲ್ಲಿ ಬೀಜ ಇಟ್ಟು ಕಳಿಸಲು ಬರುವುದಿಲ್ಲ.

ಸುವರ್ಣಾ


(ವಹಿಯ ಮೊದಲ ಪುಟ)

ಹೂವಿನ ಹಿಪ್ಪರಗಿ
20 ಜನವರಿ 2025

ಈ ವಹಿ ಒಯ್ಯುವವರಿಗೆ,

ಇದರಲ್ಲಿ ಇರುವುದು ಒಂದು ಹಿತ್ತಲಿನ ಇಪ್ಪತ್ತೆರಡು ವರ್ಷ. ಬೇರೆ ಊರಿನ ಬಿಸಿಲು ಇದರಲ್ಲಿ ಇಲ್ಲ. ನಿಮ್ಮ ಮಣ್ಣು, ನಿಮ್ಮ ನೀರು ಸ್ವಲ್ಪ ಬೇರೆ ಇರಬಹುದು; ಹಾಗಾಗಿ ನಮ್ಮನ್ನೂ ಪೂರಾ ನಂಬಬೇಡಿ. ಒಂದು ಡಬ್ಬಿಯಲ್ಲಿ ಹಾಕಿ ನೋಡಿ, ಆಮೇಲೆ ಅಂಗಳಕ್ಕೆ ಹಾಕಿ. ಗಿಡ ಸತ್ತರೆ ಅಂಜಬೇಡಿ. ಈ ವಹಿಯಲ್ಲಿ ಬದುಕಿದವುಗಳಿಗಿಂತ ಸತ್ತವುಗಳ ಪಟ್ಟಿಯೇ ಉದ್ದವಿದೆ, ಮತ್ತು ಹೆಚ್ಚು ಉಪಯೋಗಕ್ಕೆ ಬರುವುದೂ ಅದೇ.

ಟೊಮ್ಯಾಟೊ ಹನ್ನೊಂದನೇ ಪುಟದಲ್ಲಿದೆ. ಬೇಕೆಂದೇ ಅಲ್ಲಿ ಇಟ್ಟಿದ್ದೇವೆ. ಬೀಜ ಬೇಕಾದವರು ಇಂಡಿಯಲ್ಲಿ ಬೇಗಂ ಅವರನ್ನಾಗಲಿ, ಅವರ ಪಕ್ಕದ ಮನೆಯ ಗುರವ್ವ ಅವರನ್ನಾಗಲಿ ಕೇಳಬಹುದು. ಅದರ ಹೆಸರು ಬೇಗಂಬಾಯಿ ಟೊಮ್ಯಾಟೊ. ಹೆಸರು ಗುರವ್ವ ಅವರೇ ಇಟ್ಟದ್ದು. ಈಗ ಬೀಜದ ಪುಡಿಕೆಯ ಮೇಲೂ ಅವರೇ ಬರೆಯುತ್ತಾರೆ.

ಒಂದು ಸಣ್ಣ ಉಪಕಾರ ಮಾಡಿ. ವಹಿ ವಾಪಸ್ ಕೊಡುವ ಮೊದಲು ನಿಮ್ಮ ಮನೆಯಲ್ಲಿ ಏನು ಬೆಳೆಯಿತು, ಏನು ಒಣಗಿತು, ಯಾವ ಮಳೆಗೆ ಹಾಕಿದ್ದಿರಿ ಎಂದು ಬಲಗಡೆಯ ಖಾಲಿ ಪುಟದಲ್ಲಿ ಎರಡು ಸಾಲು ಬರೆಯಿರಿ. ವಹಿಗೆ ದಾರದಿಂದ ಒಂದು ಪೆನ್ಸಿಲ್ ಕಟ್ಟಿದ್ದೇವೆ, ಅದರಿಂದಲೇ ಬರೆಯಿರಿ. ಕೆಂಪು ಪೆನ್ನು ಬೇಡ.

ಅಖ್ತರಬೇಗಂ, ಇಂಡಿ
ಸುವರ್ಣಾ, ಮುದ್ದೇಬಿಹಾಳ